ಹೋದವರ ಕುರ್ಚಿ, ಉಳಿದವರ ಲೆಕ್ಕ

(ಕಲಬುರಗಿಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಗ್ಯಾರೇಜ್ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

2024ರ ಮೇ 1ರಂದು ರೆಡ್ ಬುಲ್ ತಂಡದಿಂದ ಒಂದು ಪ್ರಕಟಣೆ ಬಂತು. ಏಡ್ರಿಯನ್ ನ್ಯೂಯಿ ತಂಡ ಬಿಡುತ್ತಿದ್ದಾರೆ ಅಂತ. ಆ ವರ್ಷದ ಐದು ಫಾರ್ಮುಲಾ ಒನ್ ರೇಸ್ ಅಷ್ಟರಲ್ಲಿ ಮುಗಿದಿದ್ದವು. ಐದರಲ್ಲಿ ನಾಲ್ಕನ್ನು ಅದೇ ತಂಡದ ಮ್ಯಾಕ್ಸ್ ವೆರ್ಸ್ಟಾಪನ್ ಗೆದ್ದಿದ್ದರು. ಅದರ ಹಿಂದಿನ ವರ್ಷ 22 ರೇಸ್‌ಗಳಲ್ಲಿ 21 ರೆಡ್ ಬುಲ್ ಪಾಲಾಗಿದ್ದವು. ಸೋತು ಸೊರಗಿದ ತಂಡದಿಂದ ಯಾರೋ ಬೇಸತ್ತು ಹೊರಟ ಸುದ್ದಿ ಇದಲ್ಲ. ಗೆಲ್ಲುವುದೇ ಅಭ್ಯಾಸವಾಗಿದ್ದ ತಂಡದಿಂದ, ಆ ಗೆಲುವಿನ ಕಾರುಗಳನ್ನು ಕಲ್ಪಿಸಿಕೊಟ್ಟವರೇ ಹೊರಟಿದ್ದರು.

ನ್ಯೂಯಿ ಯಾರು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಎಲ್ಲರೂ ಕಂಪ್ಯೂಟರ್ ಮುಂದೆ ಕೂತು ಕಾರು ಬರೆಯುವ ಕಾಲದಲ್ಲೂ ಡ್ರಾಯಿಂಗ್ ಬೋರ್ಡ್ ಮುಂದೆ ನಿಂತು ಪೆನ್ಸಿಲ್‌ನಲ್ಲಿ ಗೆರೆ ಎಳೆಯುವ ಮನುಷ್ಯ. ವಿಲಿಯಮ್ಸ್, ಮೆಕ್‌ಲಾರೆನ್, ರೆಡ್ ಬುಲ್ ಮೂರೂ ಕಡೆ ಅವರ ಕಾರುಗಳು ಚಾಂಪಿಯನ್ ಆದವು. ಡ್ರೈವರ್‌ಗಳದ್ದು, ತಂಡಗಳದ್ದು ಸೇರಿಸಿದರೆ ಇಪ್ಪತ್ತೈದು ದಾಟುವಷ್ಟು ವಿಶ್ವ ಪ್ರಶಸ್ತಿ. 2006ರಲ್ಲಿ ರೆಡ್ ಬುಲ್‌ಗೆ ಬಂದಾಗ ಆ ತಂಡವನ್ನು ಪಾರ್ಟಿ ಮಾಡಿಕೊಂಡಿರುವ ತಂಪು ಪಾನೀಯದ ಕಂಪನಿ ಅಂತ ಉಳಿದವರು ನಗುತ್ತಿದ್ದರು.

ಈಗ ಆ ಮೇ 1ರ ದಿನ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿರುವ ರೆಡ್ ಬುಲ್ ಕಾರ್ಖಾನೆಯೊಳಗೆ ಹೋಗೋಣ. ಸಾವಿರಕ್ಕೂ ಹೆಚ್ಚು ಜನ ಕೆಲಸ ಮಾಡುವ ಜಾಗ. ಸುದ್ದಿ ಬಂದ ಕ್ಷಣ ಕಾರಿನ ವೇಗ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವೂ ಕಡಿಮೆಯಾಗಲಿಲ್ಲ. ಆದರೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದವನ ತಲೆಯಲ್ಲಿ ಏನು ಓಡಿರಬೇಕು? ನನ್ನ ಊಹೆ ಇಷ್ಟು: "ಅವರಿಗೆ ಗೊತ್ತಾದದ್ದು ನಮಗೆ ಗೊತ್ತಾಗದೇ ಇರೋದು ಏನೋ ಇರಬೇಕು."

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಅನುಮಾನದ ಸುತ್ತಲೇ ಇದೆ. ಹೋದವರ ಕೈಚಳಕ ಹೋಯಿತಲ್ಲ ಅನ್ನುವ ನಷ್ಟ ಆಮೇಲಿನದು. ಮೊದಲು ಏಟು ಬೀಳುವುದು ಉಳಿದವರ ಮನಸ್ಸಿನ ಲೆಕ್ಕಾಚಾರಕ್ಕೆ.

ಇಲ್ಲಿ ಕೂತವರಲ್ಲಿ ಅರ್ಧ ಜನ ಭಾನುವಾರ ಸಂಜೆ ಆರೂವರೆಗೆ ಹಾಸ್ಟೆಲಿನಲ್ಲಿ ಮೊಬೈಲ್ ಹಿಡಿದು ಯುರೋಪಿನ ರೇಸ್ ನೋಡುವ ಹುಡುಗ ಹುಡುಗಿಯರು. ಇನ್ನರ್ಧ ಜನ ರಿಂಗ್ ರೋಡ್, ಹುಮನಾಬಾದ್ ರೋಡ್ ಕಡೆ ಗ್ಯಾರೇಜ್ ಇಟ್ಟವರು. ನೀವು ರೇಸ್ ನೋಡಿರಲಿಕ್ಕಿಲ್ಲ, ಆದರೆ ಉಸ್ತಾದ್ ಕೆಲಸ ಬಿಟ್ಟ ಮರುದಿನ ಅಂಗಡಿ ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲಿರಿ. ಗಿರಾಕಿಗಳು ಬಂದೇ ಬರುತ್ತಾರೆ. ಗಾಡಿಗಳೂ ಸಾಲಾಗಿ ನಿಂತಿರುತ್ತವೆ. ಆದರೆ ಪಾನಾ ಕೈಯಲ್ಲಿ ಹಿಡಿದ ಹುಡುಗರು ಬೋಲ್ಟ್ ಬಿಟ್ಟು ಮಾಲೀಕರ ಮುಖ ನೋಡುತ್ತಿರುತ್ತಾರೆ. "ಉಸ್ತಾದ್ ಸುಮ್ನೇನು ಹೋಗಂಗಿಲ್ಲ, ಪಗಾರದ್ದೇನೋ ಗೊತ್ತಾಗಿರಬೇಕು ನೋಡು" ಅಂತ ಒಬ್ಬ ಅಂದರೆ ಮುಗಿಯಿತು. ಸಂಜೆಯೊಳಗೆ ಇಬ್ಬರು ಬೇರೆ ಕಡೆ ಫೋನ್ ಹಚ್ಚಿರುತ್ತಾರೆ. ಮಿಲ್ಟನ್ ಕೀನ್ಸ್‌ನಲ್ಲಿ ಆದದ್ದೂ ಇದೇ, ಪಗಾರದ ಅಂಕಿ ಮಾತ್ರ ಬೇರೆ.

ರೆಡ್ ಬುಲ್‌ನಿಂದ ಹೊರಟವರ ಸಾಲನ್ನು ನೋಡ್ರಿ. ರಾಬ್ ಮಾರ್ಷಲ್ ಅನ್ನುವ ಹಿರಿಯ ವಿನ್ಯಾಸಕಾರರು 2024ರ ಜನವರಿಗೇ ಮೆಕ್‌ಲಾರೆನ್ ಸೇರಿದ್ದರು. ವೆರ್ಸ್ಟಾಪನ್ ಕಾರಿನ ಚೀಫ್ ಮೆಕ್ಯಾನಿಕ್ ಆಗಿದ್ದ ಲೀ ಸ್ಟೀವನ್ಸನ್ ಸೌಬರ್‌ಗೆ ಹೋದರು. ಮೇ ತಿಂಗಳಲ್ಲಿ ನ್ಯೂಯಿ. ಆಗಸ್ಟ್‌ನಲ್ಲಿ ರೇಸ್ ದಿನದ ಏರ್ಪಾಡು ನೋಡುವ ಸ್ಪೋರ್ಟಿಂಗ್ ಡೈರೆಕ್ಟರ್ ಜೊನಾಥನ್ ವೀಟ್ಲಿ, ಅವರೂ ಸೌಬರ್‌ಗೆ. ಸೆಪ್ಟೆಂಬರ್‌ನಲ್ಲಿ ರೇಸ್ ತಂತ್ರಗಾರಿಕೆಯ ಮುಖ್ಯಸ್ಥ ವಿಲ್ ಕೋರ್ಟ್ನಿ ಮೆಕ್‌ಲಾರೆನ್‌ಗೆ ಹೋಗುವ ಸುದ್ದಿ. ಅದೇ ಹೊತ್ತಿಗೆ ಟ್ರ್ಯಾಕ್ ಮೇಲೆ ಏನಾಯಿತು? ಮೊದಲ ಹತ್ತು ರೇಸ್‌ಗಳಲ್ಲಿ ಏಳನ್ನು ಗೆದ್ದಿದ್ದ ವೆರ್ಸ್ಟಾಪನ್, ಜೂನ್‌ನ ಸ್ಪೇನ್ ರೇಸ್ ಆದ ಮೇಲೆ ನವೆಂಬರ್‌ನ ಬ್ರೆಜಿಲ್‌ವರೆಗೆ ಹತ್ತು ರೇಸ್ ಗೆಲ್ಲಲೇ ಇಲ್ಲ. ಡ್ರೈವರ್ ಪ್ರಶಸ್ತಿ ಅವರಿಗೇ ಉಳಿಯಿತು ನಿಜ. ತಂಡಗಳ ಪಟ್ಟಿಯಲ್ಲಿ ರೆಡ್ ಬುಲ್ ಮೂರನೇ ಸ್ಥಾನಕ್ಕೆ ಇಳಿಯಿತು. ಮೆಕ್‌ಲಾರೆನ್ 1998ರ ನಂತರ ಮೊದಲ ಸಲ ಆ ಪಟ್ಟ ಏರಿತು.

ಇಲ್ಲಿ ಎಡವುವುದು ಬಹಳ ಸುಲಭ. ನ್ಯೂಯಿ ಹೋದರು, ಕಾರು ಕೆಟ್ಟಿತು ಅಂತ ಒಂದೇ ಗೆರೆಯಲ್ಲಿ ಬರೆದುಬಿಡಬಹುದು, ಪತ್ರಿಕೆಗಳಲ್ಲಿ ಬರೆದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಈ ಕಾರುಗಳ ಒಂದು ರೆಕ್ಕೆ, ಒಂದು ತಳಭಾಗ ಟ್ರ್ಯಾಕಿಗೆ ಬರುವ ಎಷ್ಟೋ ತಿಂಗಳ ಮೊದಲು ಗಾಳಿ ಹಾಯಿಸಿ ಪರೀಕ್ಷೆ ಮಾಡುವ ವಿಂಡ್ ಟನೆಲ್ಲಿನಲ್ಲಿ ಹುಟ್ಟಿರುತ್ತದೆ. ಮೇ ತಿಂಗಳಲ್ಲಿ ಒಬ್ಬರು ಬಿಟ್ಟರೆ ಜುಲೈನ ಕಾರು ಅದಕ್ಕಾಗಿ ಕೆಡುವುದಿಲ್ಲ. ಕಾರಿನ ರೋಗ ಅದಕ್ಕೂ ಮೊದಲೇ ಶುರುವಾಗಿರಬೇಕು. ಹಾಗಾದರೆ ಒಳಗಿದ್ದವರಿಗೆ ಅದು ಮೊದಲೇ ಕಂಡು, ಕಂಡದ್ದರಿಂದಲೇ ಕೆಲವರು ಹೊರಟರೋ ಏನೋ. ಆ ವರ್ಷದ ಆರಂಭದಿಂದ ತಂಡದ ಮೇಲ್ಮಟ್ಟದಲ್ಲಿ ಕಲಹ ನಡೆದದ್ದೂ ಗುಟ್ಟಾಗಿ ಉಳಿದಿರಲಿಲ್ಲ. ಯಾವುದು ಕಾರಣ, ಯಾವುದು ಪರಿಣಾಮ ಅಂತ ಬಿಡಿಸುವುದು ಹೊರಗಿನವರಿಗೆ ಕಷ್ಟ. ಒಂದಂತೂ ಹೇಳಬಹುದು: ಕಾರಿನ ಮೇಲಿನ ಪರಿಣಾಮ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಮನಸ್ಸಿನ ಮೇಲಿನದು ಅದೇ ದಿನ ಬರುತ್ತದೆ.

ಇದಕ್ಕೆ ಹಳೆಯ ಸಾಕ್ಷಿ ವಿಲಿಯಮ್ಸ್. 1996ರಲ್ಲಿ ಡೇಮನ್ ಹಿಲ್ ಚಾಂಪಿಯನ್ ಆದರು, ಅದೇ ವರ್ಷ ತಂಡ ಅವರನ್ನು ಕೈಬಿಟ್ಟಿತು. ಡ್ರೈವರ್ ವಿಷಯದಲ್ಲಿ ತನ್ನ ಮಾತು ಕೇಳದೆ ತೀರ್ಮಾನ ಮಾಡಿದ್ದು ನ್ಯೂಯಿಗೆ ಸರಿಬರಲಿಲ್ಲ. ಅವರು ಹೊರಬಿದ್ದು 1997ರಲ್ಲಿ ಮೆಕ್‌ಲಾರೆನ್ ಸೇರಿದರು. ಆದರೆ 1997ರಲ್ಲೂ ವಿಲಿಯಮ್ಸ್ ಎರಡೂ ಪ್ರಶಸ್ತಿ ಗೆದ್ದಿತು. ಅದು ಅವರೇ ಬರೆದಿಟ್ಟ ಕಾರು. ಹೊರಗಿನಿಂದ ನೋಡಿದವರು, ಅವರಿಲ್ಲದಿದ್ದರೂ ನಡೆಯುತ್ತದೆ ಅಂದುಕೊಂಡಿರಬೇಕು. 1998ರಲ್ಲಿ ವಿಲಿಯಮ್ಸ್ ಒಂದು ರೇಸೂ ಗೆಲ್ಲಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ತಂಡಗಳ ಪ್ರಶಸ್ತಿ ಮತ್ತೆ ಅವರ ಕೈಗೆ ಬಂದಿಲ್ಲ. 1997ರ ಕೊನೆಗೆ ರೆನೋ ಕಂಪನಿ ಎಂಜಿನ್ ಕೊಡುವುದನ್ನೂ ನಿಲ್ಲಿಸಿತ್ತು, ಅದನ್ನು ಮರೆಯಬಾರದು. ಎಲ್ಲ ಪಾಪವನ್ನೂ ಒಬ್ಬರ ಗೈರುಹಾಜರಿಯ ಮೇಲೆ ಹೊರಿಸಲಾಗದು.

ಈ ರೇಸಿಂಗ್ ಲೋಕದಲ್ಲಿ ಇನ್ನೊಂದು ವಿಚಿತ್ರ ಪದ್ಧತಿ ಇದೆ, ಗಾರ್ಡನಿಂಗ್ ಲೀವ್ ಅಂತ. ರಾಜೀನಾಮೆ ಕೊಟ್ಟವರು ನೇರವಾಗಿ ಎದುರಾಳಿ ತಂಡಕ್ಕೆ ಹೋಗುವಂತಿಲ್ಲ. ತಿಂಗಳುಗಟ್ಟಲೆ ಸಂಬಳ ತೆಗೆದುಕೊಂಡು ಮನೆಯಲ್ಲಿ ಕೂರಬೇಕು, ತಲೆಯಲ್ಲಿರುವ ಗುಟ್ಟು ಹಳತಾಗುವವರೆಗೆ. ಕೆಲವರನ್ನು ಮನೆಗೂ ಕಳಿಸದೆ ಬೇರೆ ಕೆಲಸಕ್ಕೆ ಹಾಕುತ್ತಾರೆ. ನ್ಯೂಯಿ ಫಾರ್ಮುಲಾ ಒನ್ ಕಾರಿನಿಂದ ದೂರ ಸರಿದು ರೆಡ್ ಬುಲ್‌ನ ಆರ್‌ಬಿ 17 ಅನ್ನುವ ದುಬಾರಿ ಕಾರಿನ ಕೆಲಸ ನೋಡಿಕೊಂಡರು, 2025ರ ಮಾರ್ಚ್‌ನಲ್ಲಿ ಆಸ್ಟನ್ ಮಾರ್ಟಿನ್‌ಗೆ ಹೋದರು. ವಿಲ್ ಕೋರ್ಟ್ನಿ ಹೋಗುವ ಸುದ್ದಿ ಬಂದಾಗ ಅವರ ಕಾಂಟ್ರ್ಯಾಕ್ಟ್ 2026ರವರೆಗೆ ಇತ್ತು. ನೀವೇ ಯೋಚಿಸ್ರಿ. ನಿಮ್ಮ ಪಕ್ಕದ ಟೇಬಲ್ಲಿನವರು ನಾಳೆ ಎದುರಾಳಿಯ ಮನೆ ಸೇರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅವರು ಬಂದರೆ ಮಾತು ನಿಲ್ಲುತ್ತದೆ. ಮೀಟಿಂಗಿಗೆ ಕರೆಯಬೇಕೋ ಬೇಡವೋ ಅಂತ ಹತ್ತು ಸಲ ಯೋಚನೆ. ಅವರದ್ದೇನೂ ತಪ್ಪಿಲ್ಲ, ನಿಮ್ಮದೂ ಇಲ್ಲ. ನನ್ನ ಲೆಕ್ಕದಲ್ಲಿ, ಹೊರಟು ಹೋದವರಿಗಿಂತ ಹೊರಡುವುದು ಖಚಿತವಾಗಿಯೂ ಇನ್ನೂ ಹೋಗದವರು ತಂಡಕ್ಕೆ ಹೆಚ್ಚು ಭಾರ.

ಹೋಗುವವರು ಯಾಕೆ ಇಷ್ಟು ಜನ ಅಂತ ಕೇಳಬಹುದು. ಒಂದು ಕಾರಣ ದುಡ್ಡಿನ ನಿಯಮ. 2021ರಿಂದ ತಂಡಗಳ ಖರ್ಚಿಗೆ ಮಿತಿ ಬಂತು, ಮೊದಲ ವರ್ಷ 145 ಮಿಲಿಯನ್ ಡಾಲರ್. ಡ್ರೈವರ್‌ಗಳ ಸಂಬಳ ಮತ್ತು ಅತಿ ಹೆಚ್ಚು ಸಂಬಳ ಪಡೆಯುವ ಮೂವರ ಸಂಬಳ ಆ ಮಿತಿಯ ಹೊರಗೆ. ಅಂದರೆ ನಾಲ್ಕನೆಯವರಿಂದ ಕೆಳಗಿನವರ ಸಂಬಳ, ಕಾರಿನ ಬಿಡಿಭಾಗಗಳ ಖರ್ಚು, ಎರಡೂ ಒಂದೇ ಥೈಲಿಯಿಂದ ಬರಬೇಕು. ಎರಡನೇ ಸಾಲಿನಲ್ಲಿರುವ ಬುದ್ಧಿವಂತರಿಗೆ ಸಂಬಳ ಏರಿಸುವುದು ಕಷ್ಟ. ಎದುರಾಳಿ ತಂಡ ಬಂದು "ಇಲ್ಲಿ ನೀವು ನಾಲ್ಕನೆಯವರು, ನಮ್ಮಲ್ಲಿ ಮೊದಲನೆಯವರು" ಅಂದರೆ ಹಿಡಿದಿಡುವುದು ಹೇಗೆ?

ಈಗ ಅರವತ್ತು ವರ್ಷ ಹಿಂದೆ ಹೋಗೋಣ. 1961ರ ಫೆರಾರಿ ನನಗೆ ಬಹಳ ಇಷ್ಟದ ಕಥೆ, ಸ್ವಲ್ಪ ಉದ್ದವಾದರೂ ಸಹಿಸಿಕೊಳ್ರಿ.

ಆ ವರ್ಷ ಫೆರಾರಿ ಎರಡೂ ಪ್ರಶಸ್ತಿ ಗೆದ್ದಿತ್ತು, ಫಿಲ್ ಹಿಲ್ ಚಾಂಪಿಯನ್. ಸಂಭ್ರಮ ಪಡುವ ಹಾಗೆಯೂ ಇರಲಿಲ್ಲ. ಪ್ರಶಸ್ತಿ ಖಚಿತವಾದ ಇಟಲಿಯ ಮೊಂಜಾ ರೇಸಿನಲ್ಲೇ ಅದೇ ತಂಡದ ಡ್ರೈವರ್ ಫಾನ್ ಟ್ರಿಪ್ಸ್ ಅಪಘಾತದಲ್ಲಿ ಸತ್ತಿದ್ದರು, ಅವರ ಕಾರು ನುಗ್ಗಿ ಹತ್ತಕ್ಕೂ ಹೆಚ್ಚು ಪ್ರೇಕ್ಷಕರೂ ಸತ್ತಿದ್ದರು. ಆ ಭಾರದ ಮೇಲೆ ಇನ್ನೊಂದು ಜಗಳ. ಮಾಲೀಕ ಎಂಜೊ ಫೆರಾರಿ ಅವರ ಪತ್ನಿ ಲೌರಾ ಕಾರ್ಖಾನೆಯ ವ್ಯವಹಾರದಲ್ಲಿ ಕೈಹಾಕುತ್ತಾರೆ ಅಂತ ಹಿರಿಯ ಅಧಿಕಾರಿಗಳಿಗೆ ಅಸಮಾಧಾನ. ಅವರು ಅದನ್ನು ಕಾಗದದಲ್ಲಿ ಬರೆದು ಎಂಜೊಗೆ ಮುಟ್ಟಿಸಿದರು. ಪರಿಣಾಮ, ಮುಖ್ಯ ಇಂಜಿನಿಯರ್ ಕಾರ್ಲೊ ಕೀಟಿ, ತಂಡದ ಮ್ಯಾನೇಜರ್ ರೊಮೊಲೊ ತವೊನಿ, ಇಂಜಿನಿಯರ್ ಜೊಟ್ಟೊ ಬಿಜ್ಜರಿನಿ, ಮಾರಾಟದ ಮುಖ್ಯಸ್ಥರು, ಇನ್ನೂ ಕೆಲವರು, ಎಲ್ಲರೂ ಒಂದೇ ಏಟಿಗೆ ಹೊರಗೆ. ಚಾಂಪಿಯನ್ ತಂಡದ ಮೇಲಿನ ಸಾಲು ಪೂರ್ತಿ ಖಾಲಿ.

ಎಂಜೊ ಆಗ ಮಾಡಿದ್ದು ಏನು? ಹೊರಗಿನಿಂದ ದೊಡ್ಡ ಹೆಸರನ್ನು ತರಲಿಲ್ಲ. ಒಳಗೇ ಇದ್ದ ಮೌರೊ ಫೋರ್ಗೀರಿ ಅನ್ನುವ 26 ವರ್ಷದ ಹುಡುಗನ ಕೈಗೆ ತಾಂತ್ರಿಕ ಜವಾಬ್ದಾರಿ ಕೊಟ್ಟರು. ನಿಮ್ಮ ಕಾಲೇಜು ಮುಗಿಸಿ ನಾಲ್ಕೈದು ವರ್ಷ ಆದ ವಯಸ್ಸು. 1962ರಲ್ಲಿ ಫೆರಾರಿ ಒಂದು ಚಾಂಪಿಯನ್‌ಶಿಪ್ ರೇಸೂ ಗೆಲ್ಲಲಿಲ್ಲ. 1963ರಲ್ಲಿ ಜಾನ್ ಸರ್ಟೀಸ್ ಜರ್ಮನಿಯಲ್ಲಿ ಒಂದು ಗೆದ್ದರು. 1964ರಲ್ಲಿ ಸರ್ಟೀಸ್ ಚಾಂಪಿಯನ್, ತಂಡದ ಪ್ರಶಸ್ತಿಯೂ ಫೆರಾರಿಗೆ. ಬಿಜ್ಜರಿನಿ ಅರ್ಧಕ್ಕೆ ಬಿಟ್ಟು ಹೋಗಿದ್ದ 250 ಜಿಟಿಒ ಕಾರನ್ನು ಮುಗಿಸಿದ್ದೂ ಇದೇ ಫೋರ್ಗೀರಿ. ಇವತ್ತು ಜಗತ್ತಿನ ಅತ್ಯಂತ ದುಬಾರಿ ಹಳೆಯ ಕಾರುಗಳಲ್ಲಿ ಅದೊಂದು.

ಹೋದವರ ಕಥೆ? ಕೀಟಿ ಮತ್ತು ಸಂಗಡಿಗರು ಎಟಿಎಸ್ ಅಂತ ಹೊಸ ತಂಡ ಕಟ್ಟಿದರು. ಚಾಂಪಿಯನ್ ಫಿಲ್ ಹಿಲ್ ಅವರೂ ಅಲ್ಲಿಗೆ ಹೋದರು. 1963ರಲ್ಲಿ ರೇಸಿಗಿಳಿದ ಆ ಕಾರು ಒಂದು ಪಾಯಿಂಟೂ ಗಳಿಸಲಿಲ್ಲ. ತಾವಿದ್ದ ಮನೆಯ ಗೆಲುವೆಲ್ಲ ತಮ್ಮದೇ ಅಂತ ಅಂದುಕೊಂಡು ಹೊರಟವರು ಅದರಲ್ಲಿ ಆ ಮನೆಯದೂ ಒಂದು ಪಾಲಿತ್ತು ಅಂತ ಹೀಗೆ ಕಂಡುಕೊಳ್ಳುತ್ತಾರೆ.

ಗುಂಪಾಗಿ ಹೊರಡುವ ಇನ್ನೊಂದು ಕಥೆ ಶ್ಯಾಡೊ ತಂಡದ್ದು. 1977ರ ಕೊನೆಗೆ ಅಲ್ಲಿನ ಪ್ರಮುಖರು ಹೊರಬಂದು ಆ್ಯರೋಸ್ ಅಂತ ತಂಡ ಮಾಡಿದರು. ಅವರ ಹೊಸ ಕಾರು ತಮ್ಮ ಕಾರಿನ ನಕಲು ಅಂತ ಶ್ಯಾಡೊ ಲಂಡನ್ನಿನ ಹೈಕೋರ್ಟಿಗೆ ಹೋಗಿ ಗೆದ್ದಿತು. ಆ ಕಾರು ಓಡಿಸಬಾರದು ಅಂತ ತೀರ್ಪು. ಕೇಸು ಗೆದ್ದ ಶ್ಯಾಡೊ 1980ರಲ್ಲಿ ಬಾಗಿಲು ಹಾಕಿತು. ಸೋತ ಆ್ಯರೋಸ್ 2002ರವರೆಗೆ ರೇಸ್ ಮಾಡಿತು. ತೀರ್ಪಿನ ಕಾಗದದಿಂದ ಜನ ವಾಪಸ್ ಬರುವುದಿಲ್ಲ.

ಮೇಲಿನವರು ಹೋದಾಗ ಅವರ ಕೆಳಗಿದ್ದವರ ಮನಸ್ಸು ಎಷ್ಟು ಕಹಿಯಾಗಬಹುದು ಅನ್ನುವುದಕ್ಕೆ 2007ಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 2006ರ ಕೊನೆಗೆ ಫೆರಾರಿಯಿಂದ ಡ್ರೈವರ್ ಮೈಕಲ್ ಶುಮಾಕರ್ ನಿವೃತ್ತರಾದರು, ತಾಂತ್ರಿಕ ಮುಖ್ಯಸ್ಥ ರಾಸ್ ಬ್ರಾನ್ ಹೊರಟರು. 1999ರಿಂದ 2004ರವರೆಗೆ ಸತತ ಆರು ತಂಡ ಪ್ರಶಸ್ತಿ ಗೆದ್ದ ಗುಂಪು ಅದು. ಬ್ರಾನ್ ಹೋದ ಮೇಲೆ ಜಾಗಗಳ ಮರುಹಂಚಿಕೆ ಆಯಿತು. ವರ್ಷಗಟ್ಟಲೆ ಚೀಫ್ ಮೆಕ್ಯಾನಿಕ್ ಆಗಿದ್ದ ನೈಜೆಲ್ ಸ್ಟೆಪ್ನಿಗೆ ಕೊಟ್ಟ ಹೊಸ ಕೆಲಸ ಅವರಿಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡರು. ಅದೇ ವರ್ಷ ಫೆರಾರಿಯ 780 ಪುಟಗಳ ತಾಂತ್ರಿಕ ದಾಖಲೆಗಳು ಮೆಕ್‌ಲಾರೆನ್‌ನ ಮುಖ್ಯ ವಿನ್ಯಾಸಕಾರ ಮೈಕ್ ಕಾಫ್ಲಾನ್ ಮನೆಯಲ್ಲಿ ಸಿಕ್ಕವು. ಸಿಕ್ಕದ್ದು ಹೇಗೆ ಗೊತ್ತೇನ್ರಿ? ಕಾಫ್ಲಾನ್ ಅವರ ಪತ್ನಿ ಆ ಕಾಗದಗಳನ್ನು ಊರಿನ ಝೆರಾಕ್ಸ್ ಅಂಗಡಿಗೆ ಕೊಂಡೊಯ್ದರು. ಅಂಗಡಿಯ ಕೆಲಸಗಾರನಿಗೆ ಅನುಮಾನ ಬಂದು ಆತ ಇಟಲಿಗೆ, ಫೆರಾರಿಗೇ ತಿಳಿಸಿದ. ಕೋಟಿಗಟ್ಟಲೆ ಬೆಲೆಯ ಗುಟ್ಟು ಝೆರಾಕ್ಸ್ ಅಂಗಡಿಯಲ್ಲಿ ಬಯಲಾಯಿತು. ಪ್ರಾಜೆಕ್ಟ್ ರಿಪೋರ್ಟ್ ಝೆರಾಕ್ಸ್ ಮಾಡಿಸುವ ನೀವು ಸ್ವಲ್ಪ ಹುಷಾರು. (ಸಭೆಯಲ್ಲಿ ನಗು.) ದಾಖಲೆ ಕೊಟ್ಟದ್ದು ಸ್ಟೆಪ್ನಿ ಅನ್ನುವ ಆರೋಪದ ಮೇಲೆ ಫೆರಾರಿ ಅವರನ್ನು ಕೆಲಸದಿಂದ ತೆಗೆಯಿತು. ಮೆಕ್‌ಲಾರೆನ್‌ಗೆ 100 ಮಿಲಿಯನ್ ಡಾಲರ್ ದಂಡ, ಆ ವರ್ಷದ ತಂಡ ಪ್ರಶಸ್ತಿಯಿಂದಲೂ ಹೊರಗೆ.

ಎಲ್ಲರೂ ಬ್ರಾನ್ ಹೋದ ನಷ್ಟವನ್ನೇ ಲೆಕ್ಕ ಹಾಕುತ್ತಿದ್ದರು. ಹಾಗೆ ನೋಡಿದರೆ 2007ರಲ್ಲಿ ಫೆರಾರಿ ಕಾರಿಗೆ ಏನೂ ಆಗಲಿಲ್ಲ, ಎರಡೂ ಪ್ರಶಸ್ತಿ ಬಂದವು. ನಷ್ಟ ಬೇರೆ ದಿಕ್ಕಿನಿಂದ, ಉಳಿದುಕೊಂಡವರ ಕಡೆಯಿಂದ ಬರಲು ಹೊರಟಿತ್ತು. ಯಾರಾದರೂ ಹೋದಾಗ ಮೇಲಧಿಕಾರಿಗಳು ಹೋದವರ ಜಾಗ ತುಂಬುವ ಚಿಂತೆಯಲ್ಲಿರುತ್ತಾರೆ. ಆ ಜಾಗ ತನಗೆ ಬರುತ್ತದೆ ಅಂತ ಕಾದಿದ್ದವರ ಕಡೆ ಯಾರೂ ನೋಡುವುದಿಲ್ಲ.

ನಮ್ಮ ದೇಶದ ಹೆಸರಿದ್ದ ತಂಡದ ವಿಷಯಕ್ಕೆ ಬರೋಣ. ಫೋರ್ಸ್ ಇಂಡಿಯಾ. 2007ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಕೊಂಡ ತಂಡ. ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನಲ್ಲಿ, ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಎದುರಿಗೇ. ಮಲ್ಯ ಅವರ ಸಾಲದ ಕಥೆ ನಿಮಗೆಲ್ಲ ಗೊತ್ತು, ಅದು ಇವತ್ತಿನ ವಿಷಯ ಅಲ್ಲ. ಈ ತಂಡದ ಜನರ ಗಟ್ಟಿತನ ಮಾತ್ರ ನನಗೆ ಇವತ್ತಿಗೂ ಬೆರಗು.

2009ರ ಆಗಸ್ಟ್ 30, ಬೆಲ್ಜಿಯಂನ ಸ್ಪಾ. ಅಲ್ಲಿಯವರೆಗೆ ಫೋರ್ಸ್ ಇಂಡಿಯಾಕ್ಕೆ ಒಂದು ಪಾಯಿಂಟೂ ಇರಲಿಲ್ಲ. ಅವರ ಡ್ರೈವರ್ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲನೆಯವರಾಗಿ ಹೊರಟು ಎರಡನೆಯವರಾಗಿ ಮುಗಿಸಿದರು. ತಂಡದ ಮೊದಲ ಪೋಡಿಯಂ, ಅಂದರೆ ಮೊದಲ ಮೂರರಲ್ಲಿ ಜಾಗ. ವಾರ ಕಳೆಯುವುದರೊಳಗೆ ಫಿಸಿಕೆಲ್ಲಾ ಫೆರಾರಿಗೆ ಹೊರಟರು! ಗಾಯಗೊಂಡಿದ್ದ ಫೆಲಿಪೆ ಮಾಸ್ಸಾ ಅವರ ಕಾರಿಗೆ ಒಳ್ಳೆಯ ಡ್ರೈವರ್ ಬೇಕಿತ್ತು, ಇಟಲಿಯವರಿಗೆ ಫೆರಾರಿ ಕರೆದರೆ ಬೇಡ ಅನ್ನುವುದು ಕಷ್ಟ. ಗೆಲುವಿನ ರುಚಿ ಸಿಕ್ಕ ಮರುಕ್ಷಣ ಅದನ್ನು ತಂದುಕೊಟ್ಟವರೇ ಹೋದರೆ ಗ್ಯಾರೇಜಿನ ಹುಡುಗರಿಗೆ ಹೇಗಾಗಬೇಡ? ಮುಂದಿನ ರೇಸ್ ಮೊಂಜಾ. ಫೋರ್ಸ್ ಇಂಡಿಯಾದ ಏಡ್ರಿಯನ್ ಸುಟಿಲ್ ಎರಡನೇ ಸ್ಥಾನದಿಂದ ಹೊರಟು ನಾಲ್ಕನೆಯವರಾಗಿ ಮುಗಿಸಿದರು. ಫೆರಾರಿ ಕಾರಿನಲ್ಲಿ ಫಿಸಿಕೆಲ್ಲಾ ಒಂಬತ್ತನೆಯವರು. ಆಗ ಎಂಟನೆಯವರವರೆಗೆ ಮಾತ್ರ ಪಾಯಿಂಟ್. ಆ ವರ್ಷ ಫೆರಾರಿಯಲ್ಲಿ ಅವರಿಗೆ ಒಂದೂ ಪಾಯಿಂಟ್ ಸಿಗಲಿಲ್ಲ.

2018ರ ಜುಲೈನಲ್ಲಿ ಹಂಗೆರಿ ರೇಸಿನ ಹೊತ್ತಿಗೆ ಅದೇ ತಂಡ ದಿವಾಳಿ ಅಂಚಿಗೆ ಬಂತು, ಕೋರ್ಟ್ ನೇಮಿಸಿದ ಆಡಳಿತಾಧಿಕಾರಿಗಳ ಕೈಗೆ ಹೋಯಿತು. 405 ಜನರ ಕೆಲಸ ಅಲುಗಾಡುತ್ತಿತ್ತು. ತಂಡದ ಡ್ರೈವರ್ ಸೆರ್ಜಿಯೊ ಪೆರೆಜ್ ಅವರೇ ಬಾಕಿ ಹಣದ ನೆಪದಲ್ಲಿ ಕೋರ್ಟಿಗೆ ಹೋಗಿ ತಂಡವನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸುವ ದಾರಿ ಹಿಡಿದರು. ಮುಚ್ಚಿಸುವ ಉದ್ದೇಶದಿಂದ ಅಲ್ಲ, ತಂಡ ಪೂರ್ತಿ ಮುಳುಗುವ ಮೊದಲು ಕೊಳ್ಳುವವರು ಸಿಗಲಿ ಅಂತ. ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಕೊಂಡಿತು. ಮಲ್ಯ ಹೋದರು, ಅವರ ಬಲಗೈ ಆಗಿದ್ದ ಬಾಬ್ ಫರ್ನ್ಲಿ ಹೋದರು. ಹೊಸ ಹೆಸರಿನ ತಂಡ ಅಂತ ಅದುವರೆಗಿನ ಪಾಯಿಂಟುಗಳೂ ಸೊನ್ನೆಯಾದವು. ಆಗಸ್ಟ್‌ನಲ್ಲಿ ಮತ್ತೆ ಸ್ಪಾ. ರೇಸಿಗೆ ಹೊರಡುವ ಸಾಲು ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ತಂಡದ ಇನ್ನೊಬ್ಬ ಡ್ರೈವರ್ ಒಕೊನ್ ಮೂರನೆಯವರು, ಪೆರೆಜ್ ನಾಲ್ಕನೆಯವರು. ರೇಸಿನಲ್ಲಿ ಪೆರೆಜ್ ಐದನೆಯವರು, ಒಕೊನ್ ಆರನೆಯವರು. ಸೊನ್ನೆಯಿಂದ ಶುರು ಮಾಡಿದ ತಂಡ ವರ್ಷದ ಕೊನೆಗೆ ಏಳನೇ ಸ್ಥಾನದಲ್ಲಿತ್ತು.

ಇದು ಹೇಗೆ ಸಾಧ್ಯವಾಯಿತು? ನನ್ನ ಉತ್ತರ ಇದು. ಆ ತಂಡದಲ್ಲಿ ಹೊರಗಿನವರಿಗೆ ಕಾಣುವ ಮುಖ ಮಲ್ಯ ಅವರದ್ದು. ಒಳಗಿನವರು ದಿನಬೆಳಗಾದರೆ ಮಾತು ಕೇಳುತ್ತಿದ್ದದ್ದು ದಿನನಿತ್ಯದ ಆಡಳಿತ ನೋಡುತ್ತಿದ್ದ ಒಟ್ಮಾರ್ ಸಾಫ್ನೌವರ್, ತಾಂತ್ರಿಕ ಮುಖ್ಯಸ್ಥ ಆ್ಯಂಡ್ರ್ಯೂ ಗ್ರೀನ್ ಇಂಥವರದ್ದು. ದುಡ್ಡಿಲ್ಲದೆ 2016, 2017 ಎರಡೂ ವರ್ಷ ನಾಲ್ಕನೇ ಸ್ಥಾನ ತಂದವರು ಇವರೇ, ಇವರು ಅಲ್ಲೇ ಉಳಿದರು. ಮೆಕ್ಯಾನಿಕ್‌ಗೆ ಸೋಮವಾರ ಬೆಳಿಗ್ಗೆ ಯಾರ ಬಳಿ ಹೋಗಿ ಕೇಳಬೇಕು ಅನ್ನುವುದು ಬದಲಾಗಲಿಲ್ಲ. ಅಷ್ಟು ಗೊತ್ತಿದ್ದರೆ ಮನುಷ್ಯ ಕೆಲಸ ಮಾಡುತ್ತಾನೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎನ್‌ಸ್ಟೋನ್ ಇದೆ. ಇಂಗ್ಲೆಂಡಿನ ಒಂದು ಹಳ್ಳಿ. ಅಲ್ಲಿನ ಕಾರ್ಖಾನೆಯ ಬೋರ್ಡು ಬದಲಾಗುತ್ತಲೇ ಇರುತ್ತದೆ: ಬೆನೆಟನ್, ರೆನೋ, ಲೋಟಸ್, ಮತ್ತೆ ರೆನೋ, ಈಗ ಆಲ್ಪೀನ್. 1995ರಲ್ಲಿ ಬೆನೆಟನ್ ಎರಡೂ ಪ್ರಶಸ್ತಿ ಗೆದ್ದಿತು. ಶುಮಾಕರ್ ಫೆರಾರಿಗೆ ಹೋದರು, 1996ರಲ್ಲಿ ಬೆನೆಟನ್‌ಗೆ ಒಂದೂ ಗೆಲುವಿಲ್ಲ. ರಾಸ್ ಬ್ರಾನ್, ವಿನ್ಯಾಸಕಾರ ರೋರಿ ಬರ್ನ್ ಇಬ್ಬರೂ ಶುಮಾಕರ್ ಹಿಂದೆಯೇ ಹೋದರು. 2005, 2006ರಲ್ಲಿ ರೆನೋ ಹೆಸರಿನಲ್ಲಿ ಫರ್ನಾಂಡೊ ಅಲೊನ್ಸೊ ಜೊತೆ ಚಾಂಪಿಯನ್. ಅಲೊನ್ಸೊ ಹೋದ 2007ರಲ್ಲಿ ಒಂದೂ ಗೆಲುವಿಲ್ಲ. 2013ರಲ್ಲಿ ಲೋಟಸ್ ಹೆಸರಿನಲ್ಲಿ 315 ಪಾಯಿಂಟ್, ನಾಲ್ಕನೇ ಸ್ಥಾನ. ಸಂಬಳ ಬಾಕಿ ಅಂತ ಕಿಮಿ ರೈಕೊನೆನ್ ಹೋದರು, ತಾಂತ್ರಿಕ ಮುಖ್ಯಸ್ಥ ಜೇಮ್ಸ್ ಆ್ಯಲಿಸನ್ ಹೋದರು, ಟೀಮ್ ಪ್ರಿನ್ಸಿಪಾಲ್, ಅಂದರೆ ತಂಡದ ಮುಖ್ಯಸ್ಥ, ಎರಿಕ್ ಬೂಲಿಯೆ ಹೋದರು. 2014ರಲ್ಲಿ ಪಾಯಿಂಟ್ ಎಷ್ಟು? ಹತ್ತು. ಆ ವರ್ಷದ ರೆನೋ ಎಂಜಿನ್ ದುರ್ಬಲವಾಗಿತ್ತು ಅನ್ನುವುದನ್ನೂ ಸೇರಿಸಿಕೊಳ್ರಿ, ಆದರೂ 315ರಿಂದ 10!

ನನಗೆ ಅತ್ಯಂತ ಕೆಟ್ಟದ್ದಾಗಿ ಕಂಡದ್ದು 2023ರ ಜುಲೈ 28. ಮತ್ತೆ ಸ್ಪಾ, ಯಾಕೋ ಇವತ್ತು ಸ್ಪಾ ನಮ್ಮನ್ನು ಬಿಡುತ್ತಿಲ್ಲ. ಶುಕ್ರವಾರ, ಕಾರುಗಳು ಟ್ರ್ಯಾಕಿಗಿಳಿಯುವ ದಿನವೇ, ಆಲ್ಪೀನ್ ಒಂದು ಪ್ರಕಟಣೆ ಕೊಟ್ಟಿತು. ಫೋರ್ಸ್ ಇಂಡಿಯಾದಿಂದ ಮುಂದೆ ಇಲ್ಲಿಗೆ ಬಂದಿದ್ದ ಅದೇ ಸಾಫ್ನೌವರ್, ಮತ್ತು ಸ್ಪೋರ್ಟಿಂಗ್ ಡೈರೆಕ್ಟರ್ ಆಲನ್ ಪರ್ಮೇನ್, ಈ ರೇಸ್ ಮುಗಿದ ಕೂಡಲೇ ತಂಡ ಬಿಡುತ್ತಾರೆ ಅಂತ. ಪರ್ಮೇನ್ ಆ ತಂಡದಲ್ಲಿ 34 ವರ್ಷ ಇದ್ದವರು, ಬೋರ್ಡು ಎಷ್ಟು ಸಲ ಬದಲಾದರೂ ಬದಲಾಗದೆ ಇದ್ದವರು. ಭಾನುವಾರದವರೆಗೆ ಅವರು ಟ್ರ್ಯಾಕ್ ಪಕ್ಕದಿಂದ ತಂಡವನ್ನು ನಡೆಸುವ ಅದೇ ಪಿಟ್ ವಾಲ್ ಮೇಲೆ ಕೂತು ಕೆಲಸ ಮಾಡಿದರು. ಹಿಂದೆ ನಿಂತ ಹುಡುಗರು ಅವರ ಬೆನ್ನು ನೋಡುತ್ತಾ ಏನು ಯೋಚಿಸಿರಬೇಕು? "34 ವರ್ಷ ದುಡಿದವರನ್ನ ಹಿಂಗ ಕಳಸ್ತಾರಂದ್ರ ನಮ್ಮದೇನು ಕಥಿ" ಅಂತಲ್ಲದೆ? ಮರುವರ್ಷದ ಮೊದಲ ರೇಸಿನ ಕ್ವಾಲಿಫೈಯಿಂಗ್‌ನಲ್ಲಿ ಆಲ್ಪೀನ್‌ನ ಎರಡೂ ಕಾರು ಕಟ್ಟಕಡೆಯ ಸಾಲಿನಲ್ಲಿದ್ದವು, ತಾಂತ್ರಿಕ ವಿಭಾಗದ ಇಬ್ಬರು ಮುಖ್ಯಸ್ಥರು ಹೊರಬಿದ್ದರು. 2025ರಲ್ಲಿ ತಂಡ ಕೊನೆಯ ಸ್ಥಾನ. ಪರ್ಮೇನ್ ಅದೇ 2025ರ ಜುಲೈನಲ್ಲಿ ಇನ್ನೊಂದು ತಂಡದ, ರೇಸಿಂಗ್ ಬುಲ್ಸ್‌ನ, ಟೀಮ್ ಪ್ರಿನ್ಸಿಪಾಲ್ ಆದರು.

ಒಬ್ಬರು ಹೋದರೆ ಹುರುಪು ಏರುವುದೂ ಉಂಟೇ ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಉಂಟು. ಪರ್ಮೇನ್‌ಗೆ ಆ ಜಾಗ ಖಾಲಿಯಾದದ್ದು ಯಾಕೆ ಅಂದರೆ, 2025ರ ಜುಲೈ 9ರಂದು ರೆಡ್ ಬುಲ್ ತನ್ನ ಟೀಮ್ ಪ್ರಿನ್ಸಿಪಾಲ್ ಕ್ರಿಶ್ಚಿಯನ್ ಹಾರ್ನರ್ ಅವರನ್ನು ತೆಗೆದು, ರೇಸಿಂಗ್ ಬುಲ್ಸ್‌ನ ಲೋರಾನ್ ಮೆಕಿಸ್ ಅವರನ್ನು ಕೂರಿಸಿತು. ಹಾರ್ನರ್ 2005ರಿಂದ, ತಂಡ ಹುಟ್ಟಿದಾಗಿನಿಂದ ಇದ್ದವರು. ಆಗಸ್ಟ್ ಕೊನೆಗೆ ವೆರ್ಸ್ಟಾಪನ್ ಮೊದಲ ಸ್ಥಾನಕ್ಕಿಂತ 104 ಪಾಯಿಂಟ್ ಹಿಂದಿದ್ದರು. ಆಮೇಲಿನ ಒಂಬತ್ತು ರೇಸುಗಳಲ್ಲಿ ಆರನ್ನು ಗೆದ್ದು, ಕೊನೆಗೆ ಚಾಂಪಿಯನ್ ಆದ ಮೆಕ್‌ಲಾರೆನ್‌ನ ಲ್ಯಾಂಡೊ ನಾರಿಸ್‌ಗಿಂತ ಬರೀ ಎರಡು ಪಾಯಿಂಟ್ ಹಿಂದೆ ನಿಂತರು, 423ಕ್ಕೆ 421. ಹೊಸಬರು ಬಂದು ಇಂಜಿನಿಯರ್‌ಗಳ ಮಾತಿಗೆ ಬೆಲೆ ಕೊಟ್ಟರು ಅಂತ ಹೊಗಳಿದವರಿದ್ದಾರೆ. ಇರಬಹುದು. ಆದರೆ ನ್ಯೂಯಿ ವಿಷಯದಲ್ಲಿ ಹಾಕಿದ ಲೆಕ್ಕವನ್ನೇ ಇಲ್ಲೂ ಹಾಕಬೇಕಲ್ಲ? ಸೆಪ್ಟೆಂಬರ್‌ನಲ್ಲಿ ಗೆದ್ದ ಕಾರಿನ ಭಾಗಗಳ ಕೆಲಸ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಸೋತಾಗ ಹೋದವರನ್ನು ದೂರದಿದ್ದರೆ, ಗೆದ್ದಾಗ ಬಂದವರನ್ನೂ ಅವಸರದಲ್ಲಿ ಹೊಗಳಬಾರದು.

ಗ್ಯಾರೇಜ್ ಮಾಲೀಕರಿಗೆ ಉಪಯೋಗ ಆಗುವ ಒಂದು ಉದಾಹರಣೆ ಮರ್ಸಿಡಿಸ್ ತಂಡದ್ದು. 2014ರಿಂದ 2021ರವರೆಗೆ ಸತತ ಎಂಟು ತಂಡ ಪ್ರಶಸ್ತಿ. ಆ ನಡುವೆ ಅಲ್ಲಿಂದ ಯಾರೂ ಹೋಗಲಿಲ್ಲ ಅಂದುಕೊಳ್ಳಬೇಡ್ರಿ. ಹಿರಿಯ ಇಂಜಿನಿಯರ್‌ಗಳಾದ ಪ್ಯಾಡಿ ಲೋ, ಆಲ್ಡೊ ಕೋಸ್ಟಾ, ಎಂಜಿನ್ ವಿಭಾಗದ ಆ್ಯಂಡಿ ಕೋವೆಲ್ ಎಲ್ಲ ಹೋದರು. 2018ರಲ್ಲಿ ಕೋಸ್ಟಾ ಹಿಂದೆ ಸರಿಯುವ ಸುದ್ದಿ ಕೊಟ್ಟಾಗ ಅವರ ಕೆಲಸ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಅದೇ ಪ್ರಕಟಣೆಯಲ್ಲಿ ಹೇಳಿದರು, ಅವರೂ ಒಳಗಿನವರೇ. ಅನುಮಾನ ಹುಟ್ಟುವುದಕ್ಕೆ ಒಂದು ರಾತ್ರಿಯ ಸಮಯವನ್ನೂ ಕೊಡಲಿಲ್ಲ.

ಕೊನೆಗೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ. "ಸರ್, ನಾವು ಬಾಜಾ ಸ್ಪರ್ಧೆಗಿ ಗಾಡಿ ಕಟ್ತೀವ್ರಿ. ನಮ್ಮ ಟೀಮಿನ್ಯಾಗ ಪ್ರತಿ ವರ್ಷ ಸೀನಿಯರ್ಸ್ ಎಲ್ಲಾರೂ ಒಮ್ಮೆಲೆ ಹೋಗ್ತಾರ. ನಾವೇನ್ ಮಾಡ್ಬೇಕ್ರಿ?"

ನೋಡಮ್ಮ, ಫೆರಾರಿಗೆ 1961ರಲ್ಲಿ ಒಂದು ಸಲ ಆದದ್ದು ನಿಮಗೆ ವರ್ಷಕ್ಕೊಮ್ಮೆ ಆಗುತ್ತದೆ. ಆದರೆ ನಿಮ್ಮಲ್ಲಿ ಒಂದು ಅನುಕೂಲ ಇದೆ, ಯಾಕೆ ಹೋದರು ಅನ್ನುವ ಅನುಮಾನವೇ ಇಲ್ಲ. ಪದವಿ ಮುಗಿಯಿತು, ಹೋದರು. ಹಾಗಾಗಿ ನಿಮಗೆ ಕಾಡುವುದು ಬೇಸರ ಅಲ್ಲ, ಅವರ ತಲೆಯಲ್ಲಿದ್ದದ್ದು ಅವರ ಜೊತೆ ಹೋಗುವುದು. ಸಸ್ಪೆನ್ಷನ್ ಆರ್ಮ್‌ಗೆ ಆ ಅಳತೆಯ ಪೈಪನ್ನೇ ಯಾಕೆ ಆರಿಸಿದರು, ಹಿಂದಿನ ವರ್ಷ ವೆಲ್ಡಿಂಗ್ ಯಾವ ಜಾಗದಲ್ಲಿ ಬಿಟ್ಟಿತು, ಬಿಡಿಭಾಗ ಯಾವ ಅಂಗಡಿಯವರು ಉದ್ರಿ ಕೊಡುತ್ತಾರೆ, ಇವೆಲ್ಲ ಯಾವ ರಿಪೋರ್ಟಿನಲ್ಲೂ ಇರುವುದಿಲ್ಲ. ಮೂರನೇ ವರ್ಷದವರಿಗೆ ಕ್ಯಾಪ್ಟನ್ ಪಟ್ಟ ಜೂನ್‌ನಲ್ಲಿ ಕೊಡಬೇಡ್ರಿ, ಜನವರಿಯಲ್ಲೇ ಕೊಡ್ರಿ. ಸೀನಿಯರ್ಸ್ ಇನ್ನೂ ವರ್ಕ್‌ಶಾಪಿನಲ್ಲಿ ಇರುವಾಗ ಒಂದು ಗಾಡಿಯ ತೀರ್ಮಾನಗಳನ್ನು ಜೂನಿಯರ್ಸ್ ತೆಗೆದುಕೊಳ್ಳಲಿ, ತಪ್ಪಿದರೆ ಬೈಯುವುದಕ್ಕಾದರೂ ದೊಡ್ಡವರು ಅಲ್ಲೇ ಇರುತ್ತಾರೆ. ಇನ್ನು ಹೊರಟವರ ಫೋನ್ ನಂಬರ್ ಡಿಲೀಟ್ ಮಾಡಬೇಡ್ರಿ. ಫಾರ್ಮುಲಾ ಒನ್‌ನವರಿಗೆ ಹಳಬರಿಗೆ ಫೋನ್ ಮಾಡಿ ಕೇಳುವ ಭಾಗ್ಯ ಇಲ್ಲ, ವಕೀಲರು ಬಿಡುವುದಿಲ್ಲ. ನಿಮಗೆ ಯಾವ ವಕೀಲರ ಕಾಟವೂ ಇಲ್ಲ, ರಾತ್ರಿ ಹನ್ನೊಂದಕ್ಕೂ ಫೋನ್ ಹಚ್ಚಬಹುದು.